ಬಾಯಿಲ್ಲದ ಸಾಕ್ಷಿ

ಮಾತು ಬೆಳ್ಳಿ, ಮೌನ ಬಂಗಾರ ಅಂತ ಗಾದೆ ಕಟ್ಟಿದವರು ನನ್ನ ಗಂಡನ ಜೊತೆ ಒಂದು ವಾರ ಸಂಸಾರ ಮಾಡಿದ್ದರೆ ಗಾದೆಯನ್ನು ವಾಪಸು ತೆಗೆದುಕೊಳ್ಳುತ್ತಿದ್ದರು. ಅಷ್ಟು ಬಂಗಾರ ನಮ್ಮ ಮನೆಯಲ್ಲಿ ಬಿದ್ದು ಕೊಳೆಯುತ್ತಿದೆ. ಊಟ ಹೇಗಿದೆ ಅಂದರೆ ಹ್ಞೂಂ. ಮಗಳಿಗೆ ಜ್ವರ ಅಂದರೆ ಹ್ಞೂಂ ಅಂದು ಚಪ್ಪಲಿ ಮೆಟ್ಟಿಕೊಂಡು ಡಾಕ್ಟರ ಹತ್ತಿರ ಹೊರಡುತ್ತಾರೆ. ಮದುವೆಗೆ ಮೊದಲು ನನ್ನ ಅಪ್ಪ ನಮ್ಮ ಮಾವನವರನ್ನು ಪಕ್ಕಕ್ಕೆ ಕರೆದು, "ಹುಡುಗ ಮೂಗನಲ್ಲ ತಾನೆ?" ಅಂತ ಕೇಳಿದ್ದರಂತೆ.

ಇಂಥ ಮನುಷ್ಯನ ಕಸುಬು ಏನು ಗೊತ್ತೇ? ಮೈಕ್‌ಸೆಟ್ ಬಾಡಿಗೆಗೆ ಕೊಡುವುದು. ಮದುವೆ, ಸಭೆ, ಶಾಲೆಯ ವಾರ್ಷಿಕೋತ್ಸವ, ಚುನಾವಣೆ, ಎಲ್ಲಕ್ಕೂ ಇವರ ಡಬ್ಬಗಳೇ ಹೋಗಬೇಕು. ನಮ್ಮ ಮುಂದಿನ ಕೋಣೆಯಲ್ಲಿ ಹಾರ್ನುಗಳು, ಸ್ಪೀಕರ್ ಬಾಕ್ಸುಗಳು, ವೈರಿನ ಸುರುಳಿಗಳು. ಬಂದ ನೆಂಟರು ಆಂಪ್ಲಿಫೈಯರ್ ಮೇಲೆ ಕುಳಿತು ಚಹಾ ಕುಡಿಯುತ್ತಾರೆ. ಊರಿನವರ ಬಾಯಿಯನ್ನೆಲ್ಲ ದೊಡ್ಡದು ಮಾಡುವ ಇವರ ಬಾಯಿಂದ ಊರು ಕೇಳಿರುವುದು ಒಂದೇ ಮಾತು, "ಹಲೋ, ಹಲೋ, ಮೈಕ್ ಟೆಸ್ಟಿಂಗ್." ಅದಕ್ಕೇ ಇವರಿಗೆ ಟೆಸ್ಟಿಂಗಣ್ಣ ಅಂತ ಹೆಸರು ಬಿತ್ತು. ನಮ್ಮ ಮಕ್ಕಳನ್ನು ಶಾಲೆಯಲ್ಲಿ ಟೆಸ್ಟಿಂಗ್ ಮರಿಗಳು ಅನ್ನುತ್ತಿದ್ದರು.

ಇವರಿಗೆ ಒಬ್ಬ ಅಣ್ಣ, ಅಂದರೆ ನನ್ನ ಭಾವ. ದೇವರು ಒಂದು ಮನೆಗೆ ಇಷ್ಟು ಅಂತ ಅಳೆದು ಕೊಟ್ಟ ಮಾತನ್ನೆಲ್ಲ ಅವರೊಬ್ಬರೇ ಬಾಚಿಕೊಂಡಿದ್ದಾರೆ. ಟೈಲ್ಸ್ ಅಂಗಡಿ ಇಟ್ಟಿದ್ದಾರೆ, ಮಸೀದಿಯ ಕಮಿಟಿಯಲ್ಲಿದ್ದಾರೆ, ಯಾವ ಸಭೆಯಿದ್ದರೂ ಕೊನೆಯಲ್ಲಿ ಎದ್ದು "ಎರಡೇ ಮಾತು" ಅನ್ನುತ್ತಾರೆ. ಆ ಎರಡು ಮಾತು ಮುಗಿಯುವಷ್ಟರಲ್ಲಿ ಹಿಂದಿನ ಸಾಲಿನವರು ಮನೆಗೆ ಹೋಗಿ ಮಲಗಿರುತ್ತಾರೆ. ಭಾವನದು ಹುಟ್ಟಾ ಕೀರಲು ಧ್ವನಿ. ನಮ್ಮವರು ಮೂಲೆಯಲ್ಲಿ ಕುಳಿತು ಬೇಸ್ ಗುಂಡಿ ತಿರುಗಿಸಿ ಅದನ್ನು ಗಂಭೀರ ಮಾಡುತ್ತಿದ್ದರು. ಊರಲ್ಲಿ ಭಾವನಿಗೆ ಇರುವ ಗಾಂಭೀರ್ಯದಲ್ಲಿ ಅರ್ಧ ನನ್ನ ಗಂಡನ ಬೆರಳಿನದು. ಬಾಡಿಗೆ ಮಾತ್ರ ಯಾವತ್ತೂ ಕೊಟ್ಟವರಲ್ಲ, ಮನೆಯವನಲ್ಲವೇ.

ಭಾವನ ಮೆಚ್ಚಿನ ವಿಷಯ ನ್ಯಾಯ. ನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲಬೇಕು, ತನ್ನ ವಿರುದ್ಧ, ತಂದೆತಾಯಿಯ ವಿರುದ್ಧ, ಬಂಧುಗಳ ವಿರುದ್ಧವೇ ಆದರೂ ಸರಿ, ಇದು ದೇವರ ಆಜ್ಞೆ ಅಂತ ಅವರು ಮೇಜು ಗುದ್ದಿ ಹೇಳುವಾಗ ಮೈಕ್ ಕುಂಯ್ ಅನ್ನುತ್ತಿತ್ತು. ಕೆಡುಕು ಕಂಡರೆ ಕೈಯಿಂದ ತಡೆ, ಆಗದಿದ್ದರೆ ಬಾಯಿಂದ ಹೇಳು, ಅದೂ ಆಗದಿದ್ದರೆ ಮನಸ್ಸಿನಲ್ಲಾದರೂ ಅಸಹ್ಯಪಡು, ಅದು ವಿಶ್ವಾಸದ ಕಟ್ಟಕಡೆಯ ಮೆಟ್ಟಿಲು ಎಂದೂ ಹೇಳುತ್ತಿದ್ದರು. ಕೇಳುವವರು ತಲೆದೂಗುತ್ತಿದ್ದರು. ನನ್ನ ಗಂಡನ ಮನೆಯವರು ಮಾತ್ರ ಆ ಕಡೆಯ ಮೆಟ್ಟಿಲಿನ ಮೇಲೆ ಚಾಪೆ ಹಾಸಿ ತಲೆಮಾರುಗಳಿಂದ ಕುಳಿತುಬಿಟ್ಟಿದ್ದಾರೆ. ಬೀದಿಯವನು ಹಾಲಿಗೆ ನೀರು ಬೆರೆಸಿದರೆ ಬಾಯಿ, ಪಕ್ಕದ ಮನೆಯವನು ಕಸ ಎಸೆದರೆ ಕೈ. ಮನೆಯವರೇ ತಪ್ಪು ಮಾಡಿದರೆ ಮನಸ್ಸು. ಒಬ್ಬ ದೂರದ ಮಾವ ತನ್ನ ಹೆಂಡತಿಗೆ ಹೊಡೆಯುತ್ತಿದ್ದ. ಇಡೀ ಕುಟುಂಬ ಅದನ್ನು ಮನಸ್ಸಿನಲ್ಲಿ ಎಷ್ಟು ತೀವ್ರವಾಗಿ ಖಂಡಿಸಿತೆಂದರೆ ಅವಳು ಸಾಯುವವರೆಗೂ ಅವನಿಗೆ ವಿಷಯವೇ ಗೊತ್ತಾಗಲಿಲ್ಲ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಇದನ್ನು ಕೇಳಿ ಏನೋ ಅಂದಿದ್ದಕ್ಕೆ ನಮ್ಮ ಅತ್ತೆ, "ಮನೆ ಮಾತು ಮನೇಲೇ ಇರ್ಲಮ್ಮ" ಅಂದರು. ಮನೆಯಲ್ಲಾದರೂ ಎಲ್ಲಿ ಆಡಿದ್ದರು!

ಈ ಕುಟುಂಬದ ಮದುವೆಗಳಿಗೆ ನಮ್ಮವರು ಕಾಯಂ ಸಾಕ್ಷಿ. ನಮ್ಮಲ್ಲಿ ನಿಕಾಹ್ ಆಗುವ ಮೊದಲು ಹುಡುಗಿಯ ಕಡೆಯ ಒಬ್ಬ ಹಿರಿಯರು ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೆಂಗಸರ ಕೋಣೆಗೆ ಬಂದು, ಇಂಥವರ ಜೊತೆ ನಿನ್ನ ನಿಕಾಹ್ ಮಾಡುತ್ತಿದ್ದೇವೆ, ಒಪ್ಪಿಗೆಯೇ ಅಂತ ಮೂರು ಸಲ ಕೇಳುತ್ತಾರೆ. ಅವಳು ಹ್ಞೂಂ ಅಂದದ್ದನ್ನು ಸಾಕ್ಷಿಗಳು ತಮ್ಮ ಕಿವಿಯಾರೆ ಕೇಳಿ, ಗಂಡಸರ ಸಭೆಗೆ ಹಿಂದಿರುಗಿ ಖಾಜಿಯವರ ಮುಂದೆ ಹೇಳಬೇಕು. ಆಗಲೇ ಮುಂದಿನ ಕೆಲಸ. ನಾಚಿಕೆಯ ಹುಡುಗಿ ಬಾಯಿ ಬಿಡದೆ ತಲೆಯಾಡಿಸಿದರೂ ಸಾಕು. ನಮ್ಮ ಮನೆತನದಲ್ಲಿ ಅದಕ್ಕೂ ಒಂದು ಅನುಕೂಲ ಮಾಡಿಟ್ಟಿದ್ದಾರೆ. ಹುಡುಗಿಯ ಸೋದರತ್ತೆ ಹಿಂದೆ ಕುಳಿತು, ಮುಸುಕಿನ ಮೇಲೆ ಕೈಯಿಟ್ಟು, ಕೇಳಿದಾಗಲೆಲ್ಲ ತಲೆಯನ್ನು ಮೆಲ್ಲಗೆ ಮುಂದಕ್ಕೆ ಒತ್ತುವುದು. ಹೆಂಗಸರು ಗೊಳ್ಳೆಂದು ನಗುವುದು. ಗಂಡಸರು "ಆಯ್ತು ಆಯ್ತು" ಅಂತ ಎದ್ದು ಹೋಗುವುದು. ಈಚಿನ ಮದುವೆಗಳಲ್ಲಿ ಆ ಕೈ ನನ್ನ ನಾದಿನಿಯದು, ಅಂದರೆ ನಮ್ಮವರ ತಂಗಿಯದು. ಅವಳ ಅಂಗೈ ಅಗಲ, ಒತ್ತುವುದರಲ್ಲಿ ನುರಿತದ್ದು.

ಸಾಕ್ಷಿಗೆ ಬಾಯಿ ಬೇಕು. ಅದಕ್ಕೆ ಬಾಯಿಯೇ ಇಲ್ಲದವನನ್ನು ಆರಿಸುವ ಬುದ್ಧಿವಂತಿಕೆ ನನ್ನ ಗಂಡನ ಮನೆಯವರಿಗೆ ಮಾತ್ರ ಹೊಳೆಯುವಂಥದ್ದು. ಮೈಕ್ ಕಟ್ಟಲು ಹೇಗೂ ಬಂದಿರುತ್ತಾನೆ, ಒಳ್ಳೆಯ ಕೋಟು ಇದೆ, ತಲೆಯಾಡಿಸು ಅಂದರೆ ಆಡಿಸುತ್ತಾನೆ. ಭಾವನ ದೊಡ್ಡ ಮಗಳ ಮದುವೆಗೂ ಇವರೇ ಸಾಕ್ಷಿ. ಅವಳು ಒಪ್ಪಿಯೇ ಆದವಳು, ಸೋದರತ್ತೆ ಒತ್ತುವ ಮೊದಲೇ ಹ್ಞೂಂ ಅಂದು ಎಲ್ಲರನ್ನೂ ನಗಿಸಿದ್ದಳು. ಎರಡನೆಯವಳದೇ ಕಥೆ ಬೇರೆಯಾಯಿತು.

ಈ ಎರಡನೆಯ ಹುಡುಗಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಮೃದು ಮಾತು, ಸೂಜಿ ಚುಚ್ಚಿದರೂ ನೋಯಿಸುವುದಿಲ್ಲ ಅಂತ ಹೆಸರು. ಭಾವ ಅವಳಿಗೆ ಪೈಪ್ ಫ್ಯಾಕ್ಟರಿಯವರ ಮಗನನ್ನು ಗೊತ್ತುಮಾಡಿದರು. ಪೈಪ್ ಏಜೆನ್ಸಿ ಟೈಲ್ಸ್ ಅಂಗಡಿಗೆ ಬಂದರೆ ಅಂಗಡಿ ಎರಡು ಅಂತಸ್ತಾಗುತ್ತದೆ ಅನ್ನುವುದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಹುಡುಗ ನೋಡಲು ಬಂದ ದಿನ ಅವರ ಡ್ರೈವರ್ ಕಾರನ್ನು ಗೇಟಿಗೆ ಸ್ವಲ್ಪ ತಾಗಿಸಿದನಂತೆ. ಹುಡುಗ ಎದ್ದು ಹೋಗಿ ಅವನ ಕೆನ್ನೆಗೆ ಎರಡು ಬಾರಿಸಿ, ಕರವಸ್ತ್ರದಲ್ಲಿ ಕೈ ಒರೆಸಿಕೊಂಡು, ಬಂದು ಕುಳಿತು, "ಹ್ಞಾ, ಏನು ಹೇಳ್ತಿದ್ರಿ?" ಅಂತ ನಗುತ್ತ ಮಾತು ಮುಂದುವರಿಸಿದನಂತೆ. ಭಾವನಿಗೆ ಇದರಲ್ಲಿ ಶಿಸ್ತು ಕಾಣಿಸಿತು. ಹುಡುಗಿಗೆ ಕೈ ಕಾಣಿಸಿತು.

ಮದುವೆಗೆ ಸ್ವಲ್ಪ ದಿನವಿದೆ ಅನ್ನುವಾಗ ಒಂದು ಸಂಜೆ ಅವಳು ಡ್ಯೂಟಿ ಮುಗಿಸಿ ನೇರ ನಮ್ಮ ಮನೆಗೆ ಬಂದಳು. ಇವರು ಒಂದು ಮೈಕಿನ ಹೊಟ್ಟೆ ಬಿಚ್ಚಿಕೊಂಡು ಕುಳಿತಿದ್ದರು.

"ಚಿಕ್ಕಪ್ಪ, ನಂಗೆ ಈ ಮದುವೆ ಬೇಡ. ಅಪ್ಪನಿಗೆ ಹೇಳ್ದೆ. ಅಮ್ಮನಿಗೆ ಹೇಳ್ದೆ. ಅಪ್ಪ ಊಟ ಬಿಟ್ಟು ಮಲಗಿದ್ರು, ಅಮ್ಮ ಅತ್ತು ಅತ್ತು ನನ್ನ ಕಾಲು ಹಿಡ್ಕೊಂಡ್ಲು. ಆ ಕೈ ನನ್ನ ಮೇಲೆ ಬೀಳೋಕೆ ಎಷ್ಟು ದಿನ ಬೇಕು ಹೇಳಿ?"

ಇವರು ಕೈಯಲ್ಲಿದ್ದ ಸ್ಕ್ರೂ ಡ್ರೈವರನ್ನು ಕೆಳಗಿಟ್ಟರು. ಹ್ಞೂಂ ಅಂದರು. ಹುಡುಗಿ ಆ ಹ್ಞೂಂ ಕೇಳಿ ನನ್ನ ಕಡೆ ನೋಡಿದಳು. ನನಗೆ ಮೈಯೆಲ್ಲ ಉರಿಯಿತು. "ನೋಡಮ್ಮ, ಕಂಬಕ್ಕೆ ಹೇಳ್ಕೊಂಡಿದ್ರೆ ಅದರಲ್ಲಿ ಕರೆಂಟಾದ್ರೂ ಇರ್ತಿತ್ತು" ಅಂದೆ. ಅವಳು ಪಾಪ, ಅಷ್ಟರಲ್ಲೂ ನಕ್ಕಳು.

ಮರುದಿನ ಇವರು ಕೋಟು ಹಾಕಿಕೊಂಡು ಟೈಲ್ಸ್ ಅಂಗಡಿಗೆ ಹೋದರು. ಕೋಟು ನೋಡಿ ನನಗೇ ಆಶ್ಚರ್ಯವಾಯಿತು. ಹಿಂದಿರುಗಿದ ಮೇಲೆ ನಾನು ಬಿಡಲಿಲ್ಲ.

"ಹೇಳಿದ್ರಾ?"

"ಹೇಳ್ದೆ."

"ಏನಂತ?"

"ಹುಡುಗಿಗೆ ಇಷ್ಟ ಇಲ್ಲ, ಬೇಡ ಅಂತ."

"ಭಾವ ಏನಂದ್ರು?"

"ಊಟ ಮಾಡ್ಕೊಂಡು ಹೋಗು ಅಂದ."

ಉಳಿದದ್ದನ್ನು ಹಲ್ಲಿನ ಸಂದಿಯಿಂದ ಕೀಳುವ ಹಾಗೆ ಒಂದೊಂದೇ ಕಿತ್ತೆ. ಭಾವ ಬಾತ್‌ರೂಮ್ ಟೈಲ್ಸಿನ ಗೋಡೆಗೆ ಒರಗಿಕೊಂಡು ಧರ್ಮ ಹೇಳಿದ್ದರು. "ನಿನ್ನ ಸೋದರ ಅನ್ಯಾಯ ಮಾಡಿರ್ಲಿ, ಅನ್ಯಾಯಕ್ಕೆ ಒಳಗಾಗಿರ್ಲಿ, ಅವನಿಗೆ ನೆರವಾಗು ಅಂತ ಪ್ರವಾದಿಗಳು ಹೇಳಿಲ್ವೇನೋ? ನೀನು ನನ್ನ ತಮ್ಮ. ನೆರವಾಗು. ಸಾಕ್ಷಿ ನೀನೇ, ಬೇಗ ಬಂದು ಮೈಕ್ ಕಟ್ಟು" ಅಂದರಂತೆ.

"ಅದರ ಮುಂದಿನದ್ದು ಹೇಳ್ಲಿಲ್ವಾ?" ಅಂದೆ. ಅದು ನಮ್ಮ ಮಕ್ಕಳಿಗೂ ಗೊತ್ತಿರುವ ಮಾತು. ಅನ್ಯಾಯ ಮಾಡುವವನಿಗೆ ನೆರವಾಗುವುದು ಹೇಗೆ ಅಂತ ಕೇಳಿದ್ದಕ್ಕೆ, ಅವನ ಕೈ ಹಿಡಿದು ತಡೆಯುವುದೇ ನೆರವು ಅಂತ ಪ್ರವಾದಿಗಳು ಉತ್ತರ ಕೊಟ್ಟಿದ್ದರು. ಭಾವ ಟೈಲ್ಸ್ ಕತ್ತರಿಸಿದ ಹಾಗೆ ಅದನ್ನೂ ತಮ್ಮ ಅಳತೆಗೆ ಕತ್ತರಿಸಿಕೊಂಡಿದ್ದರು.

"ಗೊತ್ತು" ಅಂದು ಇವರು ಕೋಟು ಬಿಚ್ಚಿ ಮೊಳೆಗೆ ಹಾಕಿದರು. ನಾನು ಅವತ್ತು ರೊಟ್ಟಿಯನ್ನೂ ಮಾಡಲಿಲ್ಲ, ಮಾತನ್ನೂ ಆಡಲಿಲ್ಲ. ನನ್ನ ಮೌನ ಈ ಮನೆಯಲ್ಲಿ ಯಾರ ಗಮನಕ್ಕೂ ಬರುವುದಿಲ್ಲ ಅನ್ನುವುದು ಆಮೇಲೆ ಹೊಳೆಯಿತು.

ಮದುವೆಯ ದಿನ ಬಂತು. ಹಾಲ್ ತುಂಬ ಜನ. ಮಧ್ಯೆ ಪರದೆ, ಆ ಕಡೆ ಗಂಡಸರು, ಈ ಕಡೆ ಹೆಂಗಸರು. ನಮಗೆ ಕೇಳಲಿ ಅಂತ ಒಂದು ಬಾಕ್ಸ್ ಈ ಕಡೆಗೂ ಇಟ್ಟಿದ್ದರು, ಭಾವನ ಹುಕುಂ ಪ್ರಕಾರ ಹೊರಗೆ ರಸ್ತೆಗೂ ಹಾರ್ನ್ ಕಟ್ಟಿದ್ದರು. ನಾನು ಹುಡುಗಿಯ ಕೋಣೆಯಲ್ಲಿದ್ದೆ. ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ತವರಿನ ದುಃಖ ಅಂತ ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಮೂವರು ಗಂಡಸರು ಬಂದರು. ಮುಂದೆ ಹುಡುಗಿಯ ಸೋದರಮಾವ, ಹಿಂದೆ ಸಾಕ್ಷಿಗಳು, ಒಬ್ಬರು ಕನ್ನಡಕದ ಅಂಗಡಿಯವರು, ಇನ್ನೊಬ್ಬರು ನಮ್ಮ ಬಂಗಾರ. ನಾದಿನಿ ಹಿಂದೆ ಕುಳಿತು ಕೈಯಿಟ್ಟಳು.

"ಒಪ್ಪಿಗೇನಮ್ಮ?" ಅಂದರು ಸೋದರಮಾವ.

"ಬೇಡ ಮಾವ" ಅಂದಳು.

ಹೆಂಗಸರು ಗೊಳ್ಳೆಂದರು. ನಾದಿನಿ ತಲೆ ಒತ್ತಿದಳು. ಎರಡನೇ ಸಲವೂ ಬೇಡ, ಮೂರನೇ ಸಲವೂ ಬೇಡ. ಮೂರನೆಯದು ಸ್ವಲ್ಪ ಜೋರಾಗಿಯೇ ಬಂತು. ಅಷ್ಟು ಹೊತ್ತಿಗೆ ನಗು ಕಡಿಮೆಯಾಗಿತ್ತು. ಆದರೂ ಆ ಅಗಲದ ಅಂಗೈ ತನ್ನ ಕೆಲಸ ಮಾಡಿತು. "ಅಷ್ಟೇ ಕಣೇ, ಎಲ್ಲರದ್ದೂ ಹೀಗೇ ಆಗಿದ್ದು" ಅಂತ ನಾದಿನಿ ಅವಳ ಕಿವಿಯಲ್ಲಿ ಅಂದದ್ದು ನನಗೆ ಕೇಳಿಸಿತು. ನಾನು ಎದ್ದು, "ಕಿವಿಗೆ ಹತ್ತಿ ಇಟ್ಕೊಂಡಿದೀರಾ? ಬೇಡ ಅಂತಿದಾಳೆ ಹುಡುಗಿ!" ಅಂದೆ. "ಬಂತು ನೋಡಿ ಇವಳ ತಮಾಷೆ" ಅಂತ ಯಾರೋ ಅಂದರು, ಮತ್ತೆ ಎಲ್ಲರೂ ನಕ್ಕರು. ವರ್ಷಗಟ್ಟಲೆ ಎಲ್ಲರನ್ನೂ ಆಡಿಕೊಂಡು ಬಂದವಳ ಗತಿ ಇದು, ನಿಜ ಹೇಳಿದ ದಿನ ನಗು ಸಿಗುತ್ತದೆ. ಸೋದರಮಾವ ಫ್ಯಾನಿನ ಕಡೆ ನೋಡಿಕೊಂಡು, "ಆಯ್ತು, ತಲೆಯಾಡ್ಸಿದ್ಲು" ಅಂದು ಎದ್ದರು. ನಮ್ಮವರು ಹುಡುಗಿಯ ಮುಖವನ್ನು ಒಂದು ಸಲ ನೋಡಿ ಅವರ ಹಿಂದೆ ಹೋದರು.

ನಾನು ಪರದೆಯ ಹತ್ತಿರ ಓಡಿ ಸಂದಿಯಲ್ಲಿ ಇಣುಕಿದೆ. ಬಾಕ್ಸಿನಲ್ಲಿ ಖಾಜಿಯವರ ಧ್ವನಿ ಬಂತು. "ಹುಡುಗಿ ಒಪ್ಪಿದ್ದಾಳೆಯೇ?"

"ಒಪ್ಪಿದಾಳೆ" ಅಂದರು ಸೋದರಮಾವ.

"ಸಾಕ್ಷಿಗಳು?"

ನಮ್ಮವರು ಎದ್ದು ನಿಂತರು. ಖಾಜಿಯವರ ಪಕ್ಕ ಬಿಟ್ಟು ನೆಟ್ಟಗೆ ಆಂಪ್ಲಿಫೈಯರಿನ ಕಡೆ ನಡೆದರು. ವೈರ್ ಸಡಿಲವಾಗಿರಬೇಕು ಅಂತ ಎಲ್ಲರೂ ಅಂದುಕೊಂಡರು. ಇವರು ಹೋಗಿ ಸ್ವಿಚ್ಚನ್ನೇ ಆರಿಸಿದರು. ನಮ್ಮ ಕಡೆಯ ಬಾಕ್ಸ್ ಸತ್ತಿತು, ಹೊರಗಿನ ಹಾರ್ನೂ ಸತ್ತಿತು. ಮೈಕ್ ಕೂಗುತ್ತಿರುವಷ್ಟು ಹೊತ್ತು ಯಾರೂ ಕೇಳುವುದಿಲ್ಲ, ಅದು ಕೆಟ್ಟುಹೋದರೆ ಮಾತ್ರ ಇಡೀ ಸಭೆ ತಿರುಗಿ ನೋಡುತ್ತದೆ ಅನ್ನುವುದು ಆ ಕಸುಬಿನವರಿಗೆಲ್ಲ ಗೊತ್ತು. ಅಷ್ಟು ಹೊತ್ತು ಹರಟುತ್ತಿದ್ದ ಗಂಡಸರು ಬಾಯಿ ಮುಚ್ಚಿದರು. ಹೆಂಗಸರು ಪರದೆಗೆ ಬಂದು ಅಂಟಿಕೊಂಡರು. ಯಾಕೆ ಆರಿಸಿದಿರಿ ಅಂತ ನಾನು ಆಮೇಲೆ ಕೇಳಿದೆ. "ಮನೆ ಹುಡುಗಿ ವಿಷಯ, ರಸ್ತೆಗೆ ಯಾಕೆ ಕೇಳ್ಬೇಕು?" ಅಂದರು.

"ಒಪ್ಪಿಲ್ಲ" ಅಂದರು ನಮ್ಮವರು. "ಮೂರು ಸಲ ಕೇಳಿದ್ರು, ಮೂರು ಸಲವೂ ಬೇಡ ಅಂದ್ಲು. ತಲೆಯಾಡಿದ್ದು ಅವಳಿಂದಲ್ಲ, ನನ್ನ ತಂಗಿ ಕೈಯಿಂದ. ನಾನು ಸಾಕ್ಷಿ."

ಅಷ್ಟು ಮಾತು ಒಟ್ಟಿಗೆ ಆ ಬಾಯಿಂದ ಬಂದದ್ದನ್ನು ಸ್ವಂತ ಹೆಂಡತಿಯಾದ ನಾನೇ ಕೇಳಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಭಾವ ಚಂಗನೆ ಎದ್ದರು. ಬೇಸ್ ಇಲ್ಲದ ಧ್ವನಿ ಕೀಚಲಾಗಿ ಹೊರಟಿತು.

"ಏನೋ ಇದು? ಹುಚ್ಚು ಹಿಡೀತೇನೋ? ಅಣ್ಣನ ಮಾನ ನಾಲ್ಕು ಜನರ ಮುಂದೆ ಕಳೀತೀಯಾ?"

"ಇಲ್ಲಣ್ಣ. ನಿಂಗೆ ನೆರವಾಗ್ತಿದೀನಿ."

ಖಾಜಿಯವರು ಪೆನ್ನಿನ ಮುಚ್ಚಳ ಹಾಕಿದರು. ಕನ್ನಡಕದ ಅಂಗಡಿಯವರ ಕಡೆ ತಿರುಗಿದರು. ಅವರು ಬೆವರೊರೆಸಿಕೊಂಡು, "ನಂಗೂ ಹಾಗೇ ಕೇಳಿಸ್ತು, ಆದ್ರೆ ಮನೆಯವರೇ ಸುಮ್ನಿದ್ರಲ್ಲ ಅಂತ..." ಅಂದರು. ಖಾಜಿಯವರು ಎದ್ದು, "ಒಪ್ಪದ ಹುಡುಗಿಯ ನಿಕಾಹ್ ನಾನು ಮಾಡೋದಿಲ್ಲ" ಅಂದುಬಿಟ್ಟರು. ಪೈಪ್ ಫ್ಯಾಕ್ಟರಿಯವರ ಮಗ ಹೊರಗೆ ಹೋಗಿ ಡ್ರೈವರನ್ನು ಬೈದು ಕಾರು ಹತ್ತಿದ. ಉಳಿದವರು ಮಾತ್ರ ಯಾರೂ ಊಟ ಮಾಡದೆ ಹೋಗಲಿಲ್ಲ. ಮಾಡಿದ ಅಡುಗೆ ಹಾಳುಮಾಡುವುದು ಪಾಪ ಅನ್ನುವುದು ಆಗ ಎಲ್ಲರಿಗೂ ಒಟ್ಟಿಗೆ ನೆನಪಾಯಿತು. ಕೈ ತೊಳೆಯುವ ಕಡೆ ಒಬ್ಬೊಬ್ಬರಾಗಿ ನನ್ನ ಹತ್ತಿರ ಬಂದು, "ನಮಗೂ ಮನಸ್ಸಲ್ಲಿ ಸರಿ ಅನ್ನಿಸಿರ್ಲಿಲ್ಲ" ಅಂತ ಪಿಸುಗುಟ್ಟಿದರು. ಅದೇ ಜನ ಗೇಟು ದಾಟಿದ ಮೇಲೆ, ಮನೆ ಮಾತನ್ನು ಬೀದಿಗೆ ತಂದವನು ಅಂತ ಇವರಿಗೆ ಹೊಸ ಹೆಸರಿಟ್ಟರು.

ಕುಟುಂಬದ ಮದುವೆಗಳಿಗೆ ಈಗ ಬೇರೆಯವರ ಮೈಕು. ಕರೆಯೋಲೆಯೂ ಇಲ್ಲ. ಹುಡುಗಿ ಲ್ಯಾಬಿಗೆ ಹೋಗುತ್ತಿದ್ದಾಳೆ. ಭಾವ ಅವಳ ಜೊತೆ ಮಾತು ಬಿಟ್ಟಿದ್ದರು, ಸಕ್ಕರೆ ಕಾಯಿಲೆ ಏರಿ ಪರೀಕ್ಷೆ ಮಾಡಿಸಬೇಕಾದಾಗ ತಾವೇ ಅವಳ ಮುಂದೆ ತೋಳು ಚಾಚಿದರು. ಇದಕ್ಕಿಂತ ಸೊಗಸಾದದ್ದು ಇನ್ನೊಂದಿದೆ. ಮೊನ್ನೆ ಒಂದು ಸಭೆಯಲ್ಲಿ ಭಾವ ಎರಡೇ ಮಾತು ಅಂತ ಎದ್ದು, ಹೆಣ್ಣುಮಕ್ಕಳ ಒಪ್ಪಿಗೆಯಿಲ್ಲದೆ ನಿಕಾಹ್ ಮಾಡಬಾರದು, ನಮ್ಮ ಮನೆಯಲ್ಲೇ ಒಂದನ್ನು ನಿಲ್ಲಿಸಿದೆವು ನೋಡಿ ಅಂತ ಎದೆ ತಟ್ಟಿಕೊಂಡರಂತೆ. ಜನ ತಲೆದೂಗಿದರಂತೆ. ನಾನು ಇದನ್ನು ಇವರಿಗೆ ಹೇಳಿ ಹೊಟ್ಟೆ ಹಿಡಿದು ನಕ್ಕೆ. ಇವರು, "ಹೋಗ್ಲಿ ಬಿಡು, ಹೇಳಿದ್ದು ಸರಿಯಾಗೇ ಇದೆ" ಅಂದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇವರನ್ನು ಹೊಗಳಿ ಸುಮ್ಮನಾಗುತ್ತಿದ್ದೆ. ಹೋದ ವಾರ ನಾದಿನಿ ಬಂದಳು. ಮದುವೆ ನಿಂತ ದಿನದಿಂದ ನಮ್ಮ ಹೊಸಿಲು ತುಳಿದಿರಲಿಲ್ಲ. ಸಭೆಯಲ್ಲಿ ತನ್ನ ಕೈಯ ವಿಷಯ ಎತ್ತಿದ್ದಕ್ಕೆ ಜಗಳಕ್ಕೇ ಬಂದಿದ್ದಾಳೆ ಅಂದುಕೊಂಡು ನಾನು ನಾಲ್ಕು ಚುರುಕು ಮಾತು ಸಿದ್ಧಮಾಡಿಕೊಂಡೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಇವರ ಎದುರಿಗೆ ಸ್ಪೀಕರ್ ಬಾಕ್ಸಿನ ಮೇಲೆ ಕುಳಿತು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಅವಳ ಗಂಡ ಕೆಟ್ಟವನಲ್ಲ. ಒಳ್ಳೆಯವನು ಅನ್ನುವುದಕ್ಕೂ ಅವನು ಏನೂ ಮಾಡಿಲ್ಲ. ಮಕ್ಕಳು ಬೆಳೆದು ದೊಡ್ಡವರಾಗಿದ್ದಾರೆ.

"ಅಣ್ಣ, ನನ್ನ ಮದುವೇಲೂ ಸಾಕ್ಷಿಗೆ ಬಂದಿದ್ದು ನೀನೇ ಅಲ್ವಾ?" ಅಂದಳು.

"ಹ್ಞೂಂ."

"ನಾನು ಬೇಡ ಅಂದಿದ್ದು ನಿಂಗೆ ಕೇಳಿಸಿತ್ತಾ?"

ಇವರು ಕೈಯಲ್ಲಿದ್ದ ವೈರನ್ನು ಕೆಳಗಿಟ್ಟರು. ಅವಳ ಮದುವೆ ನಾನು ಈ ಮನೆಗೆ ಬರುವ ಮೊದಲೇ ಆಗಿತ್ತು, ನನಗೆ ಇದು ಗೊತ್ತೇ ಇರಲಿಲ್ಲ. ಇವರು, "ಕೇಳಿಸಿತ್ತು" ಅಂದರು.

ನಾದಿನಿ ಅಳಲಿಲ್ಲ, ಬೈಯಲಿಲ್ಲ. ತಲೆಯಾಡಿಸಿದಳು.

"ಸದ್ಯ. ಇಷ್ಟು ವರ್ಷ ನಾನೇ ಜೋರಾಗಿ ಹೇಳ್ಲಿಲ್ವೇನೋ ಅಂದ್ಕೊಂಡಿದ್ದೆ" ಅಂದಳು.